ಅನ್ನುವವರು ಬೇಕಾಗಿದ್ದಾರೆ

ಕಣ್ಣಾರೆ ಕಂಡದ್ದನ್ನು ಸುದ್ದಿಯೆಂದು ಪರಿಗಣಿಸತಕ್ಕದ್ದಲ್ಲ ಎಂಬ ನಿಯಮ ನಮ್ಮ ಪತ್ರಿಕೆಯಲ್ಲಿ ಮೊದಲ ಸಂಚಿಕೆಯಿಂದಲೂ ಜಾರಿಯಲ್ಲಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಪ್ರಮಾಣಿಸುವುದಕ್ಕೆ ನಮಗೆ ಪುರುಸೊತ್ತಿಲ್ಲದ ಕಾರಣ ಕಾಣುವುದನ್ನೇ ಬಿಟ್ಟಿದ್ದೇವೆ. ನಾನು ಇಲ್ಲಿ ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುತ್ತಿದ್ದೇನೆ. ನಿಯಮ ಮುರಿದದ್ದನ್ನು ಒಂದೇ ಸಲ ನೋಡಿದ್ದೇನೆ, ಕ್ಷಮಿಸಿ, ಮುರಿಯಲಾಯಿತೆಂದು ತಿಳಿದುಬಂದಿದೆ.

ಮುರಿದವಳು ಆರು ತಿಂಗಳ ತರಬೇತಿಗೆ ಬಂದ ಹುಡುಗಿ. ವರದಿಗಾರ್ತಿಯಾಗಬೇಕೆಂಬುದು ಅವಳ ಎಂಟನೇ ಕ್ಲಾಸಿನ ಆಸೆ. ಅವಳಪ್ಪ ಗಡಿಯಾರ ರಿಪೇರಿ ಮಾಡುವವರು, ನಮ್ಮ ಪತ್ರಿಕೆಯನ್ನು ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುವವರು. ದಿನಾ ಅಂಗಡಿಗೆ ಹೋಗುವಾಗ ಅವರು ದಾಟುವ ಕಾಲುವೆಯ ಸೇತುವೆ ಬಿರುಕು ಬಿಟ್ಟಿದೆಯೆಂದು ಹುಡುಗಿ ವರದಿ ಬರೆದಳು. ಮೊದಲ ವಾಕ್ಯವೇ 'ನಾನು ಕಣ್ಣಾರೆ ಕಂಡಂತೆ' ಎಂದಿತ್ತು. ಆವತ್ತಿನಿಂದ ಕಚೇರಿಯಲ್ಲಿ ಅವಳ ಹೆಸರೇ 'ಕಣ್ಣಾರೆ' ಎಂದಾಯಿತು.

ಸುದ್ದಿ ಸಂಪಾದಕರು ಅವಳನ್ನು ಕರೆಸಿದರು.

"ಬಿರುಕು ಬಿಟ್ಟಿದೆ ಅಂತ ಹೇಳಿದ್ದು ಯಾರಮ್ಮ?"

"ಯಾರೂ ಹೇಳಿಲ್ಲ ಸರ್. ನಾನೇ ಬಗ್ಗಿ ನೋಡಿದೆ. ಕೆಳಗಿನ ನೀರು ಕಾಣತ್ತೆ."

"ಯಾರೂ ಹೇಳದೇ ಇರೋದನ್ನ ನಾವು ಹೇಗಮ್ಮ ಹೇಳೋದು?"

ಅವರು ಕರುಣಾಳು. ವರದಿಯನ್ನು ಬುಟ್ಟಿಗೆ ಹಾಕದೆ, ಪ್ರತಿ ವಾಕ್ಯದ ಬಾಲಕ್ಕೂ 'ಎನ್ನಲಾಗಿದೆ' ಎಂದು ಅಂಟಿಸಿ ಏಳನೇ ಪುಟಕ್ಕೆ ಕಳಿಸಿದರು. ಸೇತುವೆ ಇದೆ ಎನ್ನಲಾಗಿದೆ. ಅದರ ಕೆಳಗೆ ಕಾಲುವೆ ಹರಿಯುತ್ತಿದೆ ಎನ್ನಲಾಗಿದೆ. ಕಾಗುಣಿತ ಸರಿಯಿದ್ದದ್ದರಿಂದ ನಾನೂ ಸುಮ್ಮನಿದ್ದೆ.

ಮೂರನೇ ದಿನ ಸೇತುವೆ ಕಟ್ಟಿಸಿದ ಎಂಜಿನಿಯರ್ ಕಡೆಯಿಂದ ವಕೀಲರ ನೋಟಿಸು ಬಂತು. ಬಿರುಕಿನ ಬಗ್ಗೆ ಅವರದೇನೂ ತಕರಾರಿರಲಿಲ್ಲ. 'ಎನ್ನಲಾಗಿದೆ' ಎಂದಿರಲ್ಲ, ಅಂದವರು ಯಾರು, ಏಳು ದಿನದೊಳಗೆ ಹಾಜರುಪಡಿಸಿ ಎಂದು ಕೇಳಿದ್ದರು.

ಕಚೇರಿ ತಲೆಯ ಮೇಲೆ ಕೈಹೊತ್ತು ಕೂತಿತು. ಹಳೆಯ ಸಂಚಿಕೆಗಳನ್ನೆಲ್ಲ ಜಾಲಾಡಿದೆವು. ಲಕ್ಷಗಟ್ಟಲೆ 'ಎನ್ನಲಾಗಿದೆ' ಸಿಕ್ಕವು, ಅಂದವನು ಒಬ್ಬನೂ ಸಿಗಲಿಲ್ಲ. ಕೊನೆಗೆ ಸಂಪಾದಕರು ಸುತ್ತೋಲೆ ಹೊರಡಿಸಿದರು:

'ಇಂದಿನಿಂದ ಪತ್ರಿಕೆಯಲ್ಲಿ ಎನ್ನಲಾಗುವ ಪ್ರತಿಯೊಂದನ್ನೂ ಯಾರಾದರೊಬ್ಬರು ಬಾಯಿಬಿಟ್ಟು ಅಂದಿರತಕ್ಕದ್ದು. ಇದಕ್ಕಾಗಿ ನಂಬಲರ್ಹ ಮೂಲ ಎಂಬ ಹುದ್ದೆಯನ್ನು ಸೃಷ್ಟಿಸಲಾಗಿದೆ. ಸದರಿಯವರು ಕಚೇರಿ ವೇಳೆಯಲ್ಲಿ ಏನನ್ನೂ ನೋಡತಕ್ಕದ್ದಲ್ಲ. ನೋಡಿದವರಿಗೆ ಅಭಿಪ್ರಾಯ ಹುಟ್ಟುವ ಅಪಾಯವಿರುತ್ತದೆ.'

ಹುದ್ದೆಗೆ ಕಣ್ಣಾರೆಯನ್ನೇ ನೇಮಿಸಿದರು. ತರಬೇತಿಯವಳಿಗೆ ಬೇರೆ ಕೆಲಸವೂ ಇರಲಿಲ್ಲ. ಇಲ್ಲಿ ಚೆನ್ನಾಗಿ ಮಾಡಿದರೆ ವರದಿಗಾರ್ತಿಯಾಗಿ ಖಾಯಂ, ಇಲ್ಲವಾದರೆ ಮನೆ ಎಂದು ತಿಳಿಹೇಳಿದರು. ಹಳೇ ರದ್ದಿಯ ಕೋಣೆ ತೆರವು ಮಾಡಿ, ಕಿಟಕಿಗೆ ನಮ್ಮದೇ ಪತ್ರಿಕೆ ಅಂಟಿಸಿ ಕೂರಿಸಲಾಯಿತು. ಆಗ ನಾನೊಂದು ಆಕ್ಷೇಪ ಎತ್ತಿದೆ. ನಾವು ಬರೆಯುವುದು 'ಮೂಲಗಳು' ಎಂದು, ಇವಳೋ ಏಕವಚನ. ವ್ಯಾಕರಣದ ಮಾತು ಬಂದರೆ ನಾನು ಯಾರ ಮುಲಾಜಿಗೂ ಬೀಳುವವನಲ್ಲ. ಆಡಳಿತ ಮಂಡಳಿ ಒಪ್ಪಿ ಎರಡನೇ ಕುರ್ಚಿ ಮಂಜೂರು ಮಾಡಿತು. ಒಂದರಲ್ಲಿ ಕೂತು ಒಮ್ಮೆ, ಇನ್ನೊಂದರಲ್ಲಿ ಕೂತು ಇನ್ನೊಮ್ಮೆ ಅಂದರೆ ಬಹುವಚನ ಸಿದ್ಧಿಸುತ್ತಿತ್ತು.

ಕೆಲಸ ಸುಸೂತ್ರವಾಗಿ ನಡೆಯಿತು. ವರದಿಗಾರರು ಸಾಲಾಗಿ ಬಂದು ಚೀಟಿ ಕೊಡುವರು, ಅವಳು ಗಟ್ಟಿಯಾಗಿ ಓದುವಳು, ಅವರು ಕೇಳಿಸಿಕೊಂಡು ಆಶ್ಚರ್ಯಪಟ್ಟು ಬರೆದುಕೊಳ್ಳುವರು. ಮಂತ್ರಿ ರಾಜೀನಾಮೆ ಕೊಡುತ್ತಾರೆಂದು ಎಡಗಡೆ ಕುರ್ಚಿಯಿಂದಲೂ ಕೊಡುವುದಿಲ್ಲವೆಂದು ಬಲಗಡೆ ಕುರ್ಚಿಯಿಂದಲೂ ಅಂದ ದಿನ 'ಮೂಲಗಳಲ್ಲಿ ಭಿನ್ನಮತ' ಎಂದು ಮುಖಪುಟದಲ್ಲೇ ಹಾಕಿದೆವು.

ತರಬೇತಿ ಮುಗಿಯಲು ಎರಡು ದಿನವಿದ್ದಾಗ ಎಂಜಿನಿಯರ್ ಕಡೆಯ ಚೀಟಿ ಬಂತು. ಸೇತುವೆ ಗಟ್ಟಿಮುಟ್ಟಾಗಿದೆ, ಇನ್ನೂ ನೂರು ವರ್ಷ ಅಲುಗುವುದಿಲ್ಲ ಎಂದಿತ್ತು. ಗಡುವು ಮೀರಿಯೂ ತೂಗುತ್ತಿದ್ದ ನೋಟಿಸನ್ನು ವಾಪಸು ಪಡೆಯುವ ಮಾತೂ ಜೊತೆಗಿತ್ತು. ಕಣ್ಣಾರೆ ಚೀಟಿಯನ್ನು ಮಡಿಸಿ ಖಾಲಿ ಕುರ್ಚಿಯ ಮೇಲಿಟ್ಟಳು. ಸುದ್ದಿ ಸಂಪಾದಕರು ತಾವೇ ಕೋಣೆಗೆ ಹೋದರು.

"ಇದು ನೀನು ಹೇಳ್ತಿರೋದಲ್ಲ ಕಣಮ್ಮ, ಮೂಲಗಳು ಹೇಳ್ತಿರೋದು. ನೀನು ಬರೀ ಕೂತಿರೋದು."

ಅವಳು ಅಂದಳು. ಎದ್ದು, ಇನ್ನೊಂದು ಕುರ್ಚಿಗೆ ಹೋಗಿ, ಮತ್ತೂ ಒಮ್ಮೆ ಅಂದಳು. ಆ ಸುದ್ದಿಯ ಕರಡನ್ನು ನಾನು ಮೂರು ಸಲ ಓದಿದೆ. ಅಲ್ಪವಿರಾಮವೊಂದು ತಪ್ಪಿತ್ತು, ಸರಿಪಡಿಸಿದೆ.

ಮಾರನೇ ಬೆಳಗ್ಗೆ ಅಪ್ಪ ಪತ್ರಿಕೆ ಓದಿ ಮುಗಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ ಅವಳು ಬಾಗಿಲಿಗೆ ಅಡ್ಡ ನಿಂತಳಂತೆ. ಈ ಮಾತುಕತೆಯನ್ನು ಅವಳೇ ನನಗೆ ಹೇಳಿದ್ದು.

"ಅಪ್ಪಾ, ಸುತ್ತಾದ್ರೂ ಪರವಾಗಿಲ್ಲ, ದೊಡ್ಡ ರಸ್ತೆಲಿ ಹೋಗು. ಸೇತುವೆ ಬೇಡ."

"ಗಟ್ಟಿಯಾಗಿದೆ ಅಂತ ಬಂದಿದೆಯಲ್ಲ ಮಗಳೇ. ನಂಬಲರ್ಹ ಮೂಲಗಳೇ ಹೇಳಿವೆ."

"ಆ ಮೂಲಗಳು ನಾನೇ ಅಪ್ಪ."

ಅಪ್ಪ ಪತ್ರಿಕೆಯನ್ನು ಮತ್ತೆ ಬಿಡಿಸಿ, ಕನ್ನಡಕ ಏರಿಸಿ, ಆ ಸಾಲನ್ನು ಇನ್ನೊಮ್ಮೆ ಓದಿದರು. ಮಗಳ ತಲೆ ಸವರಿದರು.

"ಹಾಗೆಲ್ಲ ಜಂಬ ಕೊಚ್ಕೋಬಾರ್ದು. ನೀನು ಒಬ್ಬಳು. ಇಲ್ಲಿ 'ಗಳು' ಅಂತಿದೆ, ನೋಡು."

ಎಂದು ಹೊರಟೇಬಿಟ್ಟರು. ಇವಳು ಓಡಿಹೋಗಿ ಅವರ ಕೈ ಹಿಡಿದುಕೊಂಡಳು. ಇಬ್ಬರೂ ಸೇತುವೆ ದಾಟಿದರು.

ಅವಳು ಕಚೇರಿಗೆ ಬಂದ ಕೂಡಲೇ ಸುದ್ದಿ ಸಂಪಾದಕರು ಸೇತುವೆ ಹೇಗಿದೆಯೆಂದು ವಿಚಾರಿಸಿದರು.

"ಗಟ್ಟಿಯಾಗಿದೆ ಸರ್. ಈಗ ತಾನೇ ದಾಟಿ ಬಂದೆ."

ಅವರ ಮುಖ ಕಪ್ಪಿಟ್ಟಿತು. ಇಷ್ಟೆಲ್ಲ ಕಲಿಸಿಯೂ ಹುಡುಗಿ ಹಳೇ ಚಾಳಿ ಬಿಡಲಿಲ್ಲವಲ್ಲ ಎಂಬ ಸಂಕಟ ಅವರದು.

"ಅಂದ್ರೆ, ನೀನು ಕಣ್ಣಾರೆ ನೋಡಿದೆಯಾ?"

"ಇಲ್ಲ ಸರ್," ಅಂದಳು. "ಕಣ್ಣು ಮುಚ್ಕೊಂಡಿದ್ದೆ."

ಅವಳನ್ನು ಆ ದಿನವೇ ಖಾಯಂ ವರದಿಗಾರ್ತಿಯಾಗಿ ನೇಮಿಸಲಾಯಿತು. ಆದೇಶಪತ್ರದ ಕರಡನ್ನು ನಾನೇ ತಿದ್ದಿದೆ. ಒಂದೂ ತಪ್ಪಿರಲಿಲ್ಲ.