ಕೊಲೆಗಾರ ಯಾರೆಂದು ನನಗೆ ಮೊದಲೇ ಗೊತ್ತಿತ್ತು

ನಮ್ಮ ಮನೆಯಲ್ಲಿ ತಿಂಗಳಿಗೆ ಒಂದಾದರೂ ಕೊಲೆಯಾಗುತ್ತದೆ. ಮಾಡಿಸುವವನು ನನ್ನ ಒಡಹುಟ್ಟಿದ ಅಣ್ಣ. ತಡೆಯಿರಿ, ಪೊಲೀಸರಿಗೆ ಫೋನು ಮಾಡಬೇಡಿ! ರಕ್ತ ಹರಿಯುವುದೆಲ್ಲ ಪುಸ್ತಕದೊಳಗೆ. ಬೆವರು ಹರಿಯುವುದು ಮಾತ್ರ ನನ್ನ ಮೈಮೇಲೆ.

ಈ ಪರದೇಶದಲ್ಲಿ, ರೆಕ್ಸ್‌ಡೇಲ್ ಎಂಬ ಬಡಾವಣೆಯಲ್ಲಿ ಅಣ್ಣನದೊಂದು ಹಳೆಯ ಮನೆಯಿದೆ. ಮೇಲೆ ಅವನೊಬ್ಬನೇ, ಕೆಳಗೆ ಬೇಸ್‌ಮೆಂಟಿನಲ್ಲಿ ನಾನು ಮತ್ತು ನಮ್ಮ ಯಜಮಾನರು. ಯಜಮಾನರದು ಟ್ರಕ್ಕು ಓಡಿಸುವ ಕೆಲಸ; ವಾರದ ಹೆಚ್ಚಿನ ದಿನ ದೂರದ ವಿನ್ನಿಪೆಗ್ ಊರಿನ ಹಾದಿಯಲ್ಲೇ ಇರುತ್ತಾರೆ. ನಾನು ಹತ್ತಿರದ ಫ್ಯಾಕ್ಟರಿಯಲ್ಲಿ ಸಮೋಸಾ ಮಡಿಸುತ್ತೇನೆ. ಹುಬ್ಬಳ್ಳಿಯಲ್ಲಿ ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು. ಕನ್ನಡ ಪುಸ್ತಕ ಸಿಕ್ಕರೆ ಬಿಡುವುದಿಲ್ಲ. ಇಂಗ್ಲಿಷು ಮಾತ್ರ ಫ್ಯಾಕ್ಟರಿಯಲ್ಲಿ ಕೆಲಸ ನಡೆಸುವಷ್ಟು ಬರುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ಹಾದಿ ತಪ್ಪಿದ. ಬೇರೆಯವರಾದರೆ ಕುಡಿಯುತ್ತಿದ್ದರೋ ಏನೋ, ಇವನು ಲೈಬ್ರರಿ ಹಿಡಿದ! ಅಲ್ಲಿ ಪುಸ್ತಕ ಓದುವವರದೊಂದು ಗುಂಪು. ಅದನ್ನು ನಡೆಸುವವರು ಎಸ್ತರ್ ಎಂಬ ಯಹೂದಿ ಅಜ್ಜಿ. ಅಣ್ಣನ ಬಾಯಲ್ಲಿ ಅವರು ಎಸ್ತರಬಾಯಿ. ಅವರು ಇವನ ಕೈಗೊಂದು ಪತ್ತೇದಾರಿ ಕಾದಂಬರಿ ಕೊಟ್ಟರು. ಅದೊಂದೇ ಆಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಅದರ ಹಿಂದೆ ಅದೇ ಪತ್ತೇದಾರನ ಪುಸ್ತಕಗಳು ಗೂಡ್ಸ್ ಗಾಡಿಯ ಡಬ್ಬಿಗಳ ಹಾಗೆ ಸಾಲಾಗಿ ನಿಂತಿದ್ದವು!

ಪತ್ತೇದಾರ ಒಬ್ಬ ಯಹೂದಿ ಮುದುಕ, ಔಷಧಿ ಅಂಗಡಿಯವನು. ವಿಷದ ವಿಷಯದಲ್ಲಿ ಪಂಡಿತ. ಅವರ ಮತದ ಕಟ್ಟಳೆಯಂತೆ ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ಹೊತ್ತು ಮುಳುಗುವವರೆಗೆ ಅವನು ಫೋನು ಮುಟ್ಟುವುದಿಲ್ಲ, ಕಾರು ಹತ್ತುವುದಿಲ್ಲ. ಕೊಲೆಗಾರರಿಗೆ ಇದು ಗೊತ್ತು. ಹಾಗಾಗಿ ಹೆಣಗಳೆಲ್ಲ ಶುಕ್ರವಾರ ಸಂಜೆಯೇ ಬೀಳುತ್ತವೆ! ಪಾಪ, ಮುದುಕ ಕೂತಲ್ಲೇ ಕೂತು, ತಲೆಯೊಳಗೇ ತಿರುಗಾಡಿ ಪತ್ತೆ ಹಚ್ಚಬೇಕು. ಜೊತೆಗೆ ಅವನ ಮನೆಯಲ್ಲಿ ತುಂಬ ವಯಸ್ಸಾದ ಅತ್ತೆಯೊಬ್ಬಳಿದ್ದಾಳೆ. ಅವಳ ಬಾಯಿಗೆ ಹೆದರಿ ಕೊಲೆಗಾರರೇ ತಪ್ಪೊಪ್ಪಿಕೊಂಡದ್ದುಂಟು.

ಅಣ್ಣ ಸಂಜೆ ಊಟಕ್ಕೆ ಕೆಳಗೆ ಬರುತ್ತಾನೆ. ಊಟವಾದ ಮೇಲೆ ಪುಸ್ತಕ ತೆಗೆದು, ಇಂಗ್ಲಿಷನ್ನು ಮನಸ್ಸಿನಲ್ಲಿ ಓದಿಕೊಂಡು, ನನಗೆ ಹುಬ್ಬಳ್ಳಿ ಮಾತಿನಲ್ಲಿ ಹೇಳುತ್ತಾನೆ. ಅತ್ತೆಯ ಮಾತು ಬಂದರೆ ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಾನೆ.

"ಅಳಿಯಾ, ಹೆಣ ಎಲ್ಲೂ ಓಡಿ ಹೋಗಂಗಿಲ್ಲ. ಮೊದ್ಲ ಸೂಪು ಕುಡಿ, ಆರತೈತಿ!"

ಹೀಗೆ ಕೇಳಿ ಕೇಳಿ ನನಗೆ ಯಹೂದಿಗಳೆಲ್ಲ ಹುಬ್ಬಳ್ಳಿಯವರೇ ಎನ್ನಿಸಿಬಿಟ್ಟಿತ್ತು. ನಗಬೇಡಿ, ನೀವೂ ಅವನ ಬಾಯಿಂದ ಕೇಳಿದ್ದರೆ ಹಾಗೇ ತಿಳಿಯುತ್ತಿದ್ದಿರಿ.

ನಗುವುದಕ್ಕೇನೋ ಚೆನ್ನಾಗಿತ್ತು, ಅವನು ಮೇಲೆ ಹೋದ ಮೇಲೆ? ಬೇಸ್‌ಮೆಂಟಿನಲ್ಲಿ ನಾನೊಬ್ಬಳೇ. ಮನೆ ಬೆಚ್ಚಗಿಡುವ ಫರ್ನೇಸು ಧುಮ್ ಎಂದು ಹೊತ್ತಿಕೊಂಡರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಪಕ್ಕದ ಮನೆಯವನು ಚಳಿ ಶುರುವಾಗುವ ಹೊತ್ತಿಗೆ ಹಿತ್ತಿಲು ಅಗೆಯತೊಡಗಿದ. ಅಣ್ಣ ಪರದೆಯ ಸಂದಿಯಿಂದ ನೋಡಿ ಪಿಸುಗುಟ್ಟಿದ: "ಆ ಮನಿ ಹೆಣ್ಮಗಳು ವಾರಾತು ಕಾಣವಲ್ಲಳು. ಇಂವ ಅಗ್ಯಾಕ ಹತ್ಯಾನ." ಆಮೇಲೆ ನಾನು ಆ ಕಡೆಯ ಕಿಟಕಿಯನ್ನೇ ತೆರೆಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಆ ಹೆಣ್ಣುಮಗಳೇ ಬಂದು ಒಂದು ಬುಟ್ಟಿ ಬೆಳ್ಳುಳ್ಳಿ ಕೊಟ್ಟುಹೋದಳು. ಅಗೆದು ಹೂಳಿದ್ದು ಅದನ್ನೇ! ಅಣ್ಣ ಬೆಳ್ಳುಳ್ಳಿಯನ್ನು ಮೂಸಿ ನೋಡಿ ಆಮೇಲೆ ಸಾರಿಗೆ ಹಾಕಲು ಬಿಟ್ಟ.

ಒಂದು ಸಲ ಯಜಮಾನರು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದು ಬಾಗಿಲು ತೆಗೆದರು. ನಾನು ಲಟ್ಟಣಿಗೆ ಎತ್ತಿಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಅವರ ತಲೆ ಸ್ವಲ್ಪದರಲ್ಲಿ ಉಳಿಯಿತು. ಅವರು ಚೀಲ ಕೆಳಗಿಟ್ಟು ಅಂದರು: "ನಾ ಬರೋದು ಬ್ಯಾಡಾಗಿದ್ರ ಫೋನ್ ಮಾಡಿ ಹೇಳಬೇಕಿತ್ತಲ್ಲ, ಮಾರಾಯ್ತಿ!"

ಇದರ ಮೇಲೆ ಅಣ್ಣನ ಪರೀಕ್ಷೆ ಬೇರೆ. ಕೊನೆಯ ಅಧ್ಯಾಯಕ್ಕೆ ಮೊದಲು ಪುಸ್ತಕ ಮುಚ್ಚಿ, ಒಳಗೆ ಬೆರಳಿಟ್ಟುಕೊಂಡು ಕೇಳುತ್ತಾನೆ: "ಹೂಂ, ಯಾರು ಕೊಂದ್ರು?"

"ಎಲ್ಲಾರ ಮ್ಯಾಲೂ ಅನುಮಾನ ಅಣ್ಣಾ."

"ಹಂಗಂದ್ರ ನಡಿಯಂಗಿಲ್ಲ. ಎಲ್ಲಾರನ್ನೂ ಜೇಲಿಗೆ ಹಾಕಾಕ ಬರತೈತೇನು? ಒಬ್ಬರ ಹೆಸರು ಹೇಳು."

ಹೇಳಿದ್ದೆಲ್ಲ ತಪ್ಪಾಗುತ್ತಿತ್ತು. ಒಮ್ಮೆಯಂತೂ ನಾನು ಹಿಡಿದುಕೊಟ್ಟ ಮನುಷ್ಯ ಮೊದಲ ಅಧ್ಯಾಯದಲ್ಲೇ ಸತ್ತುಹೋಗಿದ್ದವನು!

ಪುಸ್ತಕ ಮುಗಿದ ಮೇಲೆ ಅಣ್ಣ ಫೋನಿನಲ್ಲಿ, ಓದುಗರು ಅಭಿಪ್ರಾಯ ಬರೆಯುವ ತಾಣವೊಂದರಲ್ಲಿ, ತನ್ನದನ್ನೂ ಇಂಗ್ಲಿಷಿನಲ್ಲಿ ಬರೆಯುತ್ತಾನೆ. "ಕೊಲೆ ಬಹಳ ಚೆನ್ನಾಗಿದೆ. ಆದರೆ ಅತ್ತೆಗೆ ಈ ಸಲ ಮಾತು ಕಡಿಮೆ. ಅದಕ್ಕೆ ಒಂದು ನಕ್ಷತ್ರ ಕಡಿತ." ಬರೆಯುವಾಗ ಪರದೆಯ ಕೆಳಭಾಗವನ್ನು ಅಂಗೈಯಿಂದ ಮುಚ್ಚಿಕೊಂಡಿರುತ್ತಾನೆ. ಯಾಕೆ? ಬೇರೆ ಓದುಗರು ಬರೆದದ್ದು ಕಣ್ಣಿಗೆ ಬೀಳಬಾರದು! ಹಿಂದೊಮ್ಮೆ ಯಾರೋ ಪುಣ್ಯಾತ್ಮ ಮುಂದಿನ ಪುಸ್ತಕದ ಕೊನೆಯ ಗುಟ್ಟನ್ನೂ ಅಲ್ಲಿ ಬರೆದುಬಿಟ್ಟಿದ್ದನಂತೆ. ಅಂಥವರ ಮಾತೆತ್ತಿದರೆ ಅಣ್ಣನ ಕಿವಿ ಕೆಂಪಾಗುತ್ತದೆ.

"ಕೊಂದಾಂವಗರ ಏನೋ ಒಂದು ಕಾರಣ ಇರತೈತಿ. ಕಡೀ ಪುಟದ್ದು ಮೊದ್ಲ ಹೇಳಾಂವಗ ಏನೈತಿ ಕಾರಣ? ಅಂಥಾವ್ರನ್ನ ಊರು ಬಿಡಿಸಬೇಕು!"

ಹಾಗೆ ಊರು ಬಿಡಬೇಕಾದವಳು ನಾನೇ. ಅದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕೂತದ್ದು.

ತನ್ನ ಅಭಿಪ್ರಾಯವನ್ನು ನಾನೂ ನೋಡಲಿ ಎಂದು ಅಣ್ಣ ಆ ಪುಟವನ್ನೇ ನನ್ನ ಫೋನಿಗೆ ಕಳಿಸುತ್ತಿದ್ದ. ಫ್ಯಾಕ್ಟರಿಯ ಗೆಳತಿಯೊಬ್ಬಳು ಒಂದು ಗುಂಡಿ ತೋರಿಸಿಕೊಟ್ಟಿದ್ದಳು. ಒತ್ತಿದರೆ ಇಂಗ್ಲಿಷ್ ಬರಹವನ್ನು ಹೆಣ್ಣೊಬ್ಬಳು ಕನ್ನಡದಲ್ಲಿ ಓದುತ್ತಾಳೆ. ಒತ್ತಿದೆ. ಅವಳು ಅಣ್ಣನ ಅಭಿಪ್ರಾಯ ಓದಿದಳು. ನಿಲ್ಲಿಸಲಿಲ್ಲ, ಕೆಳಗಿನವರದನ್ನೂ ಓದತೊಡಗಿದಳು. ನನ್ನ ಕೈ ಗುಂಡಿಯ ಕಡೆ ಹೋಯಿತೇ? ಹೋಗಲಿಲ್ಲ.

ಎಂಥೆಂಥ ಓದುಗರು! ಒಬ್ಬಾಕೆಗೆ ಕೊಲೆಗಿಂತ ಅಡುಗೆಯೇ ಹೆಚ್ಚಾಯಿತೆಂಬ ದೂರು. ಇನ್ನೊಬ್ಬಾಕೆ ತಾನೂ ಯಹೂದಿಯೇ, ತನ್ನತ್ತೆಯೂ ಹೀಗೇ, ಆದರೆ ತಮ್ಮ ಮನೆಯಲ್ಲಿ ಇನ್ನೂ ಯಾರೂ ಸತ್ತಿಲ್ಲ ಎಂದು ಬರೆದಿದ್ದಳು. ಒಬ್ಬ ಪಂಡಿತ, "ಒಂದು ಜೀವ ಉಳಿಸುವುದಿದ್ದರೆ ಶನಿವಾರವೂ ಫೋನು ಮುಟ್ಟಬಹುದು, ಬರೆದವರಿಗೆ ಇಷ್ಟೂ ತಿಳಿಯದೇ?" ಎಂದು ಗುಡುಗಿದ್ದ. ಅದರ ಕೆಳಗೇ ಒಬ್ಬ ಕೇಳಿದ್ದ: "ಹೆಣ ಬಿದ್ದಾಗಿದೆಯಲ್ಲ ಸ್ವಾಮಿ, ಇನ್ನು ಯಾರ ಜೀವ ಉಳಿಸುವುದು?"

ಆಮೇಲೆ ವಾರ್ತೆ ಓದುವವಳ ದನಿಯಲ್ಲಿ ಫೋನಿನವಳೆಂದಳು: "ಎಚ್ಚರಿಕೆ. ಮುಂದೆ ಕಥೆಯ ಗುಟ್ಟು ಇದೆ."

ಬೇರೆಯವರು ಅದನ್ನು ಕೇಳಿ ಹಿಂದೆ ಸರಿಯುತ್ತಾರಂತೆ. ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

ಮುಂದಿನ ಪುಸ್ತಕ ಶುರುವಾಗುವ ಮೊದಲೇ ಅದೇ ಗೆಳತಿಯಿಂದ ಅದರ ಪುಟ ಹುಡುಕಿಸಿ, ಅಭಿಪ್ರಾಯಗಳನ್ನು ಊಟದ ಬಿಡುವಿನಲ್ಲಿ ಕೇಳಿ ಮುಗಿಸಿದ್ದೆ. ಅಣ್ಣ ಪುಸ್ತಕ ಮುಚ್ಚಿ "ಯಾರು?" ಎಂದ. ನಾನು ಮೆಲ್ಲಗೆ ಅಂದೆ: "ನನಗ್ಯಾಕೋ ಆ ಹಲ್ಲಿನ ಡಾಕ್ಟರ್ ಮ್ಯಾಲ ಅನುಮಾನ ಅಣ್ಣಾ."

ಅಣ್ಣ ಕೊನೆಯ ಅಧ್ಯಾಯ ಓದಿದ. ಕನ್ನಡಕ ತೆಗೆದ. "ತಂಗೀ! ಹೆಂಗ ಗೊತ್ತಾತು?"

"ಅಂವ ಭಾಳ ನಗತಾನ."

ಅವನು ಎದ್ದು ನಿಂತು ನನಗೆ ಕೈ ಮುಗಿದ! ಅಲ್ಲಿಗೆ ನನ್ನ ಹೆದರಿಕೆ ಮುಗಿಯಿತು. ಯಾರು ಕೊಲ್ಲುತ್ತಾರೆಂದು ಗೊತ್ತಿದ್ದರೆ ಹೆದರುವುದೇನಿದೆ? ಅವನು ಚಾಕುವಿನ ಕಥೆ ಹೇಳುತ್ತಿದ್ದರೆ ನಾನು ಕೊತ್ತಂಬರಿ ಸೋಸುತ್ತಾ ಹಾಯಾಗಿ ಕೂತಿರುತ್ತಿದ್ದೆ. ಆದರೆ ಸುಮ್ಮನೆ ಕೂತರೆ ಅನುಮಾನ ಬರುತ್ತದಲ್ಲ! ನಡುನಡುವೆ "ಯಪ್ಪಾ! ಅಂಜಿಕಿ ಬರತೈತೋ ಅಣ್ಣಾ!" ಎಂದು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ಅವನು ದನಿ ತಗ್ಗಿಸಿ "ಅಂಜಬ್ಯಾಡ, ನಾ ಇದ್ದೇನಲ್ಲ" ಅನ್ನುತ್ತಿದ್ದ. ಒಳಗೆ ನಗು ತಡೆದುಕೊಳ್ಳುವುದೇ ನನಗೆ ಕಷ್ಟವಾಗುತ್ತಿತ್ತು.

ಕೀರ್ತಿ ಹಬ್ಬಿತು. ಎರಿನ್ ಮಿಲ್ಸಿನ ಕಡೆ ಬೇರೆ ಮನೆ ಮಾಡಿಕೊಂಡಿರುವ ತನ್ನ ಮಗಳಿಗೆ ಅಣ್ಣ ಫೋನು ಮಾಡಿ ಹೇಳಿದ: "ನಿಮ್ಮತ್ತಿ ಪೊಲೀಸ್ ಆಗಬೇಕಿತ್ತವಾ, ಸಮೋಸಾ ಮಡಚಾಕ ಹತ್ಯಾಳ." ಲೈಬ್ರರಿಯ ಗುಂಪಿಗೂ ಹೇಳಿದ. ಎಸ್ತರಬಾಯಿ ಬಿಡುತ್ತಾರೆಯೇ? ಆ ಪತ್ತೇದಾರ ಮುದುಕನ ಹೊಸ ಪುಸ್ತಕ ಅಂಗಡಿಗೆ ಬಂದ ದಿನವೇ ಎಲ್ಲರೂ ಕೊಂಡು, ಕೊನೆಯ ಅಧ್ಯಾಯ ಬಿಟ್ಟು ಉಳಿದದ್ದನ್ನು ಓದಬೇಕು. ಭಾನುವಾರ ಮಧ್ಯಾಹ್ನ ಸೇರಬೇಕು. ಕೊಲೆಗಾರ ಯಾರೆಂದು ನಾನು ಬಂದು ಹೇಳಬೇಕು. ಆಮೇಲೆ ಅವರು ಕೊನೆಯ ಅಧ್ಯಾಯ ಓದುತ್ತಾರೆ. ಹೀಗೆಂದು ಗೊತ್ತುಮಾಡಿದರು.

ಹೊಸ ಪುಸ್ತಕ! ಊಟದ ಬಿಡುವಿನಲ್ಲಿ ಗುಂಡಿ ಒತ್ತಿದೆ. ಅವಳೆಂದಳು: "ಇದುವರೆಗೆ ಯಾವುದೇ ಅಭಿಪ್ರಾಯವಿಲ್ಲ. ಮೊದಲಿಗರಾಗಿ ನೀವೇ ಬರೆಯಿರಿ."

ಮರುದಿನವೂ ಅದೇ. ಅದರ ಮರುದಿನವೂ ಅದೇ. ಲೋಕದಲ್ಲಿ ಬಾಯಿ ಹಿಡಿತವಿಲ್ಲದ ಓದುಗನೊಬ್ಬನೂ ಉಳಿದಿಲ್ಲವೇ? ಕೆಲಸದಲ್ಲಿ ನನ್ನ ಸಮೋಸಾಗಳು ಮೂಲೆ ತಪ್ಪಿದವು. ಸಂಜೆ ಅಣ್ಣ ಕಥೆ ಹೇಳುವಾಗ ಎಲ್ಲರೂ ಕೊಲೆಗಾರರ ಹಾಗೆ ಕಂಡರು, ಮರುಕ್ಷಣ ಎಲ್ಲರೂ ಪಾಪದವರ ಹಾಗೆ ಕಂಡರು. ನಿಜ ಹೇಳಿಬಿಡೋಣವೆಂದರೆ ಅಣ್ಣನ ಮುಖ ಅಡ್ಡ ಬರುತ್ತಿತ್ತು. ಅತ್ತಿಗೆ ಹೋದ ಮೇಲೆ ಅವನು ಅಷ್ಟು ಹುರುಪಿನಿಂದ ಅಂಗಿ ಇಸ್ತ್ರಿ ಮಾಡಿಕೊಂಡದ್ದನ್ನು ನಾನು ನೋಡಿರಲಿಲ್ಲ.

ಭಾನುವಾರ ನಾನು ಸಮೋಸಾ ಕಟ್ಟಿಕೊಂಡೆ. ಅಣ್ಣ ಬಿಡಲಿಲ್ಲ. "ಅವ್ರ ಮಡಿ ಬ್ಯಾರೆ ಇರತೈತಿ. ಹಣ್ಣು ತೊಗೋ." ಬಾಳೆಹಣ್ಣು ಹಿಡಿದು ಲೈಬ್ರರಿಗೆ ಹೋದೆ. ಎಸ್ತರಬಾಯಿ ಬಂದು ನನ್ನನ್ನು ತಬ್ಬಿಕೊಂಡು ಏನೇನೋ ಹೇಳಿದರು, ಎಲ್ಲ ಇಂಗ್ಲಿಷಿನಲ್ಲಿ! ನನಗೆ ಒಂದು ಕ್ಷಣ ನಂಬಲಿಕ್ಕೇ ಆಗಲಿಲ್ಲ.

ದುಂಡಗೆ ಕುರ್ಚಿ ಹಾಕಿದ್ದರು. ಎಲ್ಲರ ಕಣ್ಣೂ ನನ್ನ ಮೇಲೆ. ಪಕ್ಕದಲ್ಲಿ ಇಸ್ತ್ರಿ ಅಂಗಿಯ ಅಣ್ಣ. ನಾನು ಕನ್ನಡದಲ್ಲಿ ಹೇಳಬೇಕು, ಅವನು ಇಂಗ್ಲಿಷಿನಲ್ಲಿ ಹೇಳುತ್ತಾನೆ.

"ಹೇಳವಾ, ಅಂಜಬ್ಯಾಡ" ಎಂದ.

ಯಾವುದೋ ಒಂದು ಹೆಸರು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಆ "ಅಂಜಬ್ಯಾಡ" ಕೇಳಿದ ಮೇಲೆ ಇನ್ನೊಂದು ಸುಳ್ಳು ಹೇಳಲಾಗಲಿಲ್ಲ.

"ಅಣ್ಣಾ, ನನ್ನ ತಪ್ಪಾತು. ಯಾರು ಕೊಂದ್ರು ಅಂತ ನನಗ ಎಂದೂ ಗೊತ್ತಾಗಿಲ್ಲ. ನೀ ಅಭಿಪ್ರಾಯ ಬರೀತಿ ನೋಡು, ಅದರ ಕೆಳಗ ಮಂದಿ ಬರೆದದ್ದು ಫೋನಿನ್ಯಾಗ ಕೇಳಿ ಹೇಳತಿದ್ದೆ. ಡಾಕ್ಟರಂದೂ ಹಂಗ. ಎಲ್ಲಾವೂ ಹಂಗ. ಈ ಪುಸ್ತಕಕ್ಕ ಯಾರೂ ಬರೆದಿಲ್ಲ. ನನಗ ಏನೂ ಗೊತ್ತಿಲ್ಲ ಅಣ್ಣಾ."

ಎಲ್ಲರೂ ನಗುಮುಖದಿಂದ ಅವನ ಕಡೆ ತಿರುಗಿದರು. ಅಣ್ಣ ನನ್ನನ್ನೇ ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಇಸ್ತ್ರಿ ಹಾಳಾಯಿತು. ಆಮೇಲೆ ಇಂಗ್ಲಿಷಿನಲ್ಲಿ ಅಂದ. ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ.

"ಪ್ರಾರ್ಥನಾ ಮಂದಿರದ ಅಡುಗೆಯವನ ಮೇಲೆ ಅನುಮಾನವಂತೆ. ಆದರೆ ಖಾತ್ರಿ ಇಲ್ಲವಂತೆ."

"ಅಷ್ಟುದ್ದ ಮಾತಾಡಿದರಲ್ಲ, ಇಷ್ಟೇನಾ?" ಎಂದರು ಎಸ್ತರಬಾಯಿ.

"ನಮ್ಮ ಭಾಷೆ ಸ್ವಲ್ಪ ಉದ್ದ" ಎಂದ ಅಣ್ಣ.

ಕೊನೆಯ ಅಧ್ಯಾಯ ಓದಿದರು. ಅಡುಗೆಯವನು ಪಾಪ ನಿರಪರಾಧಿ; ಕೊಂದವನು ಸತ್ತವನ ತಮ್ಮ. ಎಸ್ತರಬಾಯಿ ಖುಷಿಯಿಂದ ನನ್ನ ಬೆನ್ನಿಗೊಂದು ಏಟು ಕೊಟ್ಟರು. "ಸದ್ಯ, ನೀವೂ ನಮ್ಮ ಹಾಗೇ!" ಎಲ್ಲರೂ ಬಾಳೆಹಣ್ಣು ತಿಂದರು.

ಕಾರು ಹತ್ತಿದೆವು. ಊರು ಬಿಡಿಸುವ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಸೀಟ್ ಬೆಲ್ಟು ಹಿಡಿದುಕೊಂಡು ಕೂತಿದ್ದೆ. ಕೆಂಪು ದೀಪಕ್ಕೆ ನಿಂತಾಗ ಕೇಳಿದ:

"ನೀ ಅಂಜತಿದ್ದೆಲ್ಲಾ? ಅದೂ ಸುಳ್ಳೇನು?"

"ಮೊದಮೊದ್ಲ ಖರೇನ ಅಂಜತಿದ್ದೆ ಅಣ್ಣಾ. ಆಮ್ಯಾಲ..."

"ಆಮ್ಯಾಲ ನಾ ಒಬ್ಬನ ಅಂಜೇನೇನು?"

ನನಗೆ ತಿಳಿಯಲಿಲ್ಲ. ಅವನು ರಸ್ತೆ ನೋಡುತ್ತಲೇ ಹೇಳಿದ: "ಆ ಮನ್ಯಾಗ ಒಬ್ಬನ ಇರಾಕ ನನಗ ಆಗವಲ್ದು. ನಿಮ್ಮ ಅತ್ತಿಗಿ ಹೋದಾಗಿಂದ ಹಂಗ ಐತಿ. ಸುಮ್‌ಸುಮ್ಕ ಅಂಜಿಕಿ. ತಂಗಿ ಮುಂದ ಹೆಂಗ ಹೇಳೋದು? ಪುಸ್ತಕ ಓದಿದ್ರ ಅಂಜಿಕಿಗೆ ಒಂದು ಕಾರಣ ಸಿಗತಿತ್ತು. ಕೆಳಗ ನೀನೂ ಅಂಜಿಕೊಂಡು ಎಚ್ಚರ ಇರತಿ ಅಂತ ತಿಳದಿದ್ದೆ. ಇಬ್ಬರದೀವಲ್ಲ ಅಂತ ನಿದ್ದಿ ಬರತಿತ್ತು."

ಹಿಂದಿನ ಕಾರಿನವನು ಹಾರ್ನು ಹೊಡೆದ. ದೀಪ ಹಸಿರಾಗಿತ್ತು.

ಮನೆ ತಲುಪಿದ ಮೇಲೆ ನಾನು ನನ್ನ ಬಾಗಿಲಿಗೆ ಹೋಗಲಿಲ್ಲ. ಅವನ ಹಿಂದೆಯೇ ಮೇಲಿನ ಬಾಗಿಲಿಗೆ ಹೋದೆ. ಅವನೇ ದಿನಾ ಕೆಳಗೆ ಬರುತ್ತಿದ್ದದ್ದರಿಂದ ನಾನು ಅಲ್ಲಿ ಕಾಲಿಟ್ಟು ಎಷ್ಟೋ ಕಾಲವಾಗಿತ್ತು. ಹೊರಗೆ ಇನ್ನೂ ಬಿಸಿಲಿತ್ತು. ಒಳಗೆ ಪ್ರತಿಯೊಂದು ದೀಪವೂ ಉರಿಯುತ್ತಿತ್ತು. ಅಡುಗೆಮನೆಯದು, ಬಚ್ಚಲಿನದು, ಪಡಸಾಲೆಯದು. ಅತ್ತಿಗೆಯ ಸೀರೆಗಳಿದ್ದ ಕಪಾಟಿನೊಳಗಿನ ಸಣ್ಣ ದೀಪ ಕೂಡ.

ಅಣ್ಣ ನಾಚಿಕೊಂಡು ದೀಪದ ಗುಂಡಿಯ ಕಡೆ ಕೈ ಚಾಚಿದ. ನಾನು ಅವನ ಕೈ ಹಿಡಿದುಕೊಂಡೆ.

"ಇರ್ಲಿ ಬಿಡು ಅಣ್ಣಾ," ಎಂದೆ. "ಚಹಾ ಇಡತೀನಿ. ಕುಂಡ್ರು."