ಡ್ರಿಲ್ ಮೇಷ್ಟ್ರ ತೋಳಿನ ಉಪಕಾರ

ಡ್ರಿಲ್ ಮೇಷ್ಟ್ರಿಗೆ ನಿವೃತ್ತಿಯಾಗಿತ್ತೇ ಹೊರತು ಅವರ ಗಂಟಲಿಗೆ ಆಗಿರಲಿಲ್ಲ. ಶಾಲೆಯ ಮಕ್ಕಳೆಲ್ಲ ಕೈತಪ್ಪಿ ಹೋದ ಮೇಲೆ ಉಳಿದಿದ್ದು ಒಬ್ಬರೇ ವಿದ್ಯಾರ್ಥಿನಿ, ಅವರ ಹೆಂಡತಿ. ಆಕೆಗೆ ಬಿಪಿ ಬಂದಾಗ ಆಸ್ಪತ್ರೆಯವರು ಮನೆಗೇ ಯಂತ್ರ ಕೊಟ್ಟರು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಸಾಕು, ಅಂಕಿ ಫೋನಿನ ಮೂಲಕ ನೇರವಾಗಿ ನರ್ಸಮ್ಮನಿಗೆ ತಲುಪುತ್ತಿತ್ತು. ಅಂಕಿ ಇಳಿದರೆ ಮಗಳ ಊರಿಗೆ ಹೋಗಿ ಮೊಮ್ಮಗುವನ್ನು ಎತ್ತಿಕೊಳ್ಳಬಹುದು ಎಂಬುದು ನರ್ಸಮ್ಮನ ಅಪ್ಪಣೆ.

ಮೇಲ್ವಿಚಾರಣೆಯ ಮಹಾಭಾರವನ್ನು (ಯಾರೂ ಹೊರಿಸದಿದ್ದರೂ) ಮೇಷ್ಟ್ರು ಹೊತ್ತರು.

"ಬೆನ್ನು ನೇರ! ಕಾಲು ಕೆಳಗೆ! ಉಸಿರು ಒಳಗೆ, ಹೊರಗೆ! ಮಾತಾಡ್ಬೇಡ!"

"ಮಾತಾಡ್ತಿರೋದು ಯಾರು?" ಎಂದರು ಆಕೆ. ಅಂಕಿ ಏರಿತು. ದಿನಾ ಇದೇ ಹಾಡು.

ನರ್ಸಮ್ಮ ವಿಡಿಯೋ ಕರೆ ಮಾಡಿ, "ಅಮ್ಮಾ, ನಿಮಗೆ ಹೇಗನ್ನಿಸ್ತಿದೆ?" ಎಂದು ಕೇಳಿದರೆ ಪರದೆಯ ತುಂಬಾ ಮೇಷ್ಟ್ರ ಮೀಸೆ.

"ಅವಳಿಗೇನು ಗೊತ್ತಾಗತ್ತೆ, ನನ್ನನ್ನ ಕೇಳಿ! ತಲೆಸುತ್ತಿಲ್ಲ, ನಿದ್ದೆ ಚೆನ್ನಾಗಿದೆ."

"ಯಾರ ನಿದ್ದೆ? ನಿಮ್ಮ ಗೊರಕೆ ಕೇಳ್ಕೊಂಡು ನಾನು ಎದ್ದಿರ್ತೀನಿ," ಎಂದು ಹಿಂದಿನಿಂದ ಕ್ಷೀಣ ಧ್ವನಿ.

ಪ್ರಯಾಣದ ಹಿಂದಿನ ದಿನ ಆಕೆ ಮಗುವಿನ ಪುಟ್ಟ ಅಂಗಿಗಳನ್ನು ಮಡಿಸುತ್ತಾ ಕೂತಿದ್ದರು. "ಇವತ್ತೂ ಏರಿದ್ರೆ ಮಗೂನ ಫೋಟೋದಲ್ಲೇ ಮುದ್ದಾಡ್ಬೇಕು," ಎಂದು ಕಣ್ಣೊರೆಸಿಕೊಂಡರು. ಮೇಷ್ಟ್ರ ಕರುಳು ಚುರ್ ಎಂದಿತು. ಅದರ ಬೆನ್ನಿಗೇ ತಲೆಯಲ್ಲಿ ಒಂದು ಮಹೋನ್ನತ ಯೋಚನೆ ಹೊಳೆಯಿತು.

"ಅಳ್ಬೇಡ. ಪಟ್ಟಿ ನನ್ನ ತೋಳಿಗೆ ಕಟ್ಟು. ಉಕ್ಕಿನಂಥ ದೇಹ! ಇವತ್ತಿನವರೆಗೂ ಒಂದು ಮಾತ್ರೆ ನುಂಗಿಲ್ಲ."

"ಅದು ಮೋಸ ಅಲ್ವೇನ್ರೀ?"

"ಗಂಡ ಹೆಂಡತಿ ಅಂದ್ಮೇಲೆ ತೋಳು ಬೇರೆ ಬೇರೇನಾ?"

ಗುಂಡಿ ಒತ್ತಿ, ಮೀಸೆ ತಿರುವುವಷ್ಟರಲ್ಲಿ ನರ್ಸಮ್ಮನ ವಿಡಿಯೋ ಕರೆ ಬಂದು ಫೋನು ಬಡಿದುಕೊಂಡಿತು.

"ಅಮ್ಮಾ, ಅಲ್ಲಾಡ್ದೆ ಕೂತ್ಕೊಳ್ಳಿ! ಇಷ್ಟು ಬಿಪಿ ನಿಮಗೆ ಯಾವತ್ತೂ ಬಂದಿರ್ಲಿಲ್ಲ!" ಎನ್ನುತ್ತಲೇ ನರ್ಸಮ್ಮ ಪರದೆಯನ್ನು ದಿಟ್ಟಿಸಿದರು. ಪಟ್ಟಿಯ ಸುತ್ತ ಪೊದೆಯಂತೆ ರೋಮ. "ಇದು ಯಾರ ತೋಳು?"

ಮೇಷ್ಟ್ರ ಗಂಟಲು ಮೊದಲ ಬಾರಿಗೆ ಕೈಕೊಟ್ಟಿತು. ಹೆಂಡತಿಯೇ ನಿಜ ಹೇಳಿದರು.

ನರ್ಸಮ್ಮ ಮೇಷ್ಟ್ರನ್ನು ಅಂಗಳಕ್ಕೆ ಅಟ್ಟಿ, ಆಕೆಯೊಬ್ಬರನ್ನೇ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ಮತ್ತೆ ಬಿಪಿ ನೋಡಿಸಿದರು. ಅಂಕಿ ಸಾಧು ಮಗುವಿನ ಹಾಗೆ ತೆಪ್ಪಗೆ ಕೆಳಗಿತ್ತು.

"ಅಮ್ಮಾ, ನಿಮ್ಮ ಬಿಪಿ ಏರಿಸ್ತಿದ್ದಿದ್ದು ಆ ಮೇಲ್ವಿಚಾರಣೆ. ನೀವು ಧಾರಾಳವಾಗಿ ಹೋಗಿಬನ್ನಿ. ಸರ್ ಈಗಲೇ ಆಸ್ಪತ್ರೆಗೆ ಬರ್ಲಿ. ಮಾತ್ರೆ ತಗೊಂಡು ಅಂಕಿ ಇಳಿಯೋವರೆಗೂ ಅವರು ಊರು ಬಿಡೋ ಹಾಗಿಲ್ಲ."

ಒಳಗೆ ಬಂದ ಮೇಷ್ಟ್ರು ತಮ್ಮ ಕಟ್ಟಿಟ್ಟ ಸೂಟ್‌ಕೇಸನ್ನು ನೋಡುತ್ತಾ ಕುರ್ಚಿಗೆ ಕುಸಿದರು. ನರ್ಸಮ್ಮ ಮೆತ್ತಗೆ ಕೇಳಿದರು: "ಸರ್, ನಿಮಗೆ ಹೇಗನ್ನಿಸ್ತಿದೆ?"

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಪರದೆಯ ತುಂಬಾ ಹೆಂಡತಿಯ ಮುಖ.

"ಅವರಿಗೇನು ಗೊತ್ತಾಗತ್ತೆ, ನನ್ನನ್ನ ಕೇಳಿ!"