ಗೇರಿಲ್ಲದ ಕಾರಿನಲ್ಲಿ ಏಕಾಂತಯ್ಯ

ಖಾಲಿ ಕಾರೊಂದು ತನ್ನ ಯಜಮಾನನ ಹಿಂದೆ ಹಸುಕರುವಿನ ಹಾಗೆ ನಡೆದು ಬರುವುದನ್ನು ನೀವು ನೋಡಿದ್ದೀರಾ? ಮಂಜುಳಮ್ಮ ನೋಡಿದರು. ಅದೂ ಹಾಡಹಗಲು, ಮೈಸೂರಿನ ವಿಜಯನಗರದ ತಮ್ಮ ಮನೆಯ ಮುಂದೆ, ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ. ಅವರ ಯಜಮಾನರಾದ ಚನ್ನಬಸವಯ್ಯನವರು ಕಾರಿನಿಂದಿಳಿದು ಗೇಟು ತೆಗೆಯಲು ಹೋದರು. ಕಾರು ಸದ್ದಿಲ್ಲದೆ ಅವರ ಹಿಂದೆಯೇ ಹೊರಟಿತು. ಸ್ಟೇರಿಂಗಿನ ಹಿಂದೆ ಯಾರೂ ಇಲ್ಲ. ತೆರೆದ ಬಾಗಿಲು ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು.

"ರೀ, ಹಿಂದೆ ನೋಡ್ರೀ!"

ಹಿಂದಿರುಗಿ ನೋಡುವಷ್ಟರಲ್ಲಿ ಬಂಪರು ಅವರ ಪೃಷ್ಠಪ್ರದೇಶವನ್ನು ತಲುಪಿಯಾಗಿತ್ತು. ಚನ್ನಬಸವಯ್ಯನವರು ದಾಸವಾಳದ ಗಿಡದ ಮೇಲೆ ಹಾರಿ ಬಿದ್ದು ಜೀವ ಉಳಿಸಿಕೊಂಡರು. ಕಾರು ಗೇಟಿಗೆ ಮೂತಿ ಒತ್ತಿಕೊಂಡು, ಒಳಗೆ ಯಾರೋ ಕೂತು ಕಾಯುತ್ತಿರುವ ಹಾಗೆ ಗುರ್ರೆನ್ನುತ್ತ ನಿಂತಿತು.

(ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಅದು ಆಟೋಮ್ಯಾಟಿಕ್ ಕಾರು. ಗೇರಿನ ಹಿಡಿಯನ್ನು 'ಡಿ'ಯಲ್ಲಿಟ್ಟು ಬ್ರೇಕಿನಿಂದ ಕಾಲು ತೆಗೆದರೆ ತಾನಾಗಿ ಮುಂದೆ ತೆವಳುವುದು ಆ ಜಾತಿಯ ಹುಟ್ಟುಗುಣ. ಇಳಿಯುವ ಮುಂಚೆ ಹಿಡಿಯನ್ನು 'ಪಿ'ಗೆ ತಳ್ಳಬೇಕು. ಚನ್ನಬಸವಯ್ಯನವರು ತಳ್ಳಿರಲಿಲ್ಲ. ಇದು ಅವರಿಗೆ ಗಿಡದ ಮೇಲಿಂದ ಏಳುವಾಗಲೇ ಹೊಳೆಯಿತು. ಆದರೆ ಹೆಂಡತಿಯ ಮುಂದೆ ತಪ್ಪೊಪ್ಪಿಕೊಳ್ಳುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇಲ್ಲ.)

ಮೂವತ್ತು ವರ್ಷ ಮನೆಮನೆಯ ನೀರಿನ ಮೀಟರು ಓದಿ ನಿವೃತ್ತರಾದವರು ಅವರು. ಕಣ್ಣಿಗೆ ಕಂಡದ್ದನ್ನು, ಅದೂ ಅಂಕಿಯಲ್ಲಿ ಕಂಡದ್ದನ್ನು ಮಾತ್ರ ನಂಬುವವರು. ಎಡಮಂಡಿ ಕೈಕೊಟ್ಟ ಮೇಲೆ ಸ್ಕೂಟರು ಬಿಟ್ಟು, ಹೆಂಡತಿಯ ಅಣ್ಣ ಸಿದ್ದಲಿಂಗಸ್ವಾಮಿಯ ಸ್ಕೂಟರಿನ ಹಿಂದೆ ಅಕ್ಕಿಮೂಟೆಯಂತೆ ಕೂತು ಊರು ತಿರುಗಬೇಕಾಗಿ ಬಂತು. ಆತ ಸಿಗ್ನಲ್ಲಿಗೊಂದು ಬುದ್ಧಿಮಾತು ಹೇಳುವ ಪೈಕಿ. ಆ ಅವಮಾನ ಸಾಕಾಗಿ, ಎಡಗಾಲಿಗೆ ಕೆಲಸವೇ ಇಲ್ಲದ ಈ ಗೇರಿಲ್ಲದ ಕಾರನ್ನು ಕೃಷ್ಣಮೂರ್ತಿಪುರಂನ ದಾಕ್ಷಾಯಣಮ್ಮನವರಿಂದ ಕೊಂಡಿದ್ದರು. ಸ್ಟೇರಿಂಗು ಹಿಡಿದ ದಿನ ಅವರಿಗೆ ಹತ್ತು ವರ್ಷ ಕಡಿಮೆಯಾದಂತಾಗಿತ್ತು. ದಾಕ್ಷಾಯಣಮ್ಮನ ಪತಿ ಏಕಾಂತಯ್ಯನವರು ಹಿಂದಿನ ವರ್ಷವಷ್ಟೇ ಲಿಂಗೈಕ್ಯರಾಗಿದ್ದರು.

"ಅವ್ರು ಇನ್ನೂ ಕಾರೊಳಗೇ ಇದಾರೆ ಕಣ್ರೀ," ಎಂದರು ಮಂಜುಳಮ್ಮ, ಗಂಡನ ಮೈಮೇಲಿನ ದಾಸವಾಳದ ಎಲೆ ಕೊಡವುತ್ತ.

"ಹೋದೋರು ಹೋದ್ರು ಕಣೇ. ಹುಚ್ಚುಚ್ಚಾಗಿ ಆಡ್ಬೇಡ."

"ಎಲ್ಲಿ ಹೋದ್ರು? ನಮ್ಮೋರನ್ನ ಮಲಗಿಸಿ ಕಳಿಸ್ತಾರಾ? ಕೂರಿಸಿ ತಾನೆ ಮಣ್ಣು ಮಾಡೋದು? ಕೂತಂಗೇ ಹೋದೋರು, ಕೂತಂಗೇ ಬಂದು ಸೀಟಲ್ಲಿ ಕೂತ್ಬುಟ್ಟಿದಾರೆ!"

ಗಂಡನ ಉತ್ತರಕ್ಕೆ ಕಾಯದೆ ಮಂಜುಳಮ್ಮ ತೀರ್ಪನ್ನೂ ಕೊಟ್ಟುಬಿಟ್ಟರು.

"ಇನ್ನೊಂದ್ಸಲ ಇಂಥದ್ದೇನಾದ್ರೂ ಆಗ್ಲಿ, ಬೀಗದಕೈ ತಗೊಂಡೋಗಿ ದಾಕ್ಷಾಯಣಮ್ಮನೋರ ಕೈಗೇ ಕೊಟ್ಟು ಬಂದ್ಬುಡ್ತೀನಿ. ಆಮೇಲೆ ನೀವುಂಟು, ನಮ್ಮಣ್ಣನ ಸ್ಕೂಟರುಂಟು."

ಆ ದಿನದಿಂದ ಕಾರಿನ ಬಗ್ಗೆ ಒಂದು ಚೂರು ದೂರೂ ಹೆಂಡತಿಯ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಬೇಕೆಂದು ಅವರು ಶಪಥ ಮಾಡಿದರು. ಹುಣಸೂರು ರಸ್ತೆಯ ಮನೋಹರನ ಶೆಡ್ಡಿಗೆ ಗುಟ್ಟಾಗಿ ಹೋಗಿ ಗೇರ್ ಆಯಿಲ್ ಬದಲಾಯಿಸಿಕೊಂಡು ಬಂದರು. ಹಳೆಯದು ಕಷಾಯದ ಬಣ್ಣ. ಹೊಸದು ದಾಳಿಂಬೆ ರಸದಂತೆ ಕೆಂಪು. "ಗೇರ್ ಬಾಕ್ಸಿಗೆ ಇದೇ ರಕ್ತ ಸಾರ್," ಎಂದ ಮನೋಹರ. ಎಡಸೀಟಿನ ಮುಂದೆ ಹಾಕಿಸಿದ್ದ ಸಣ್ಣ ದುಂಡು ಮೀಟರನ್ನೂ ತೋರಿಸಿದ. ಅದು ಆ ಆಯಿಲ್ಲಿನ ಬಿಸಿ ತೋರಿಸುವ ಮೀಟರಂತೆ. ತೊಂಬತ್ತರ ಆಸುಪಾಸು ಇದ್ದರೆ ಕ್ಷೇಮ, ನೂರಿಪ್ಪತ್ತು ದಾಟಿದರೆ ನಿಲ್ಲಿಸಬೇಕು. ಆಯಿಲ್ ಅಳೆಯುವ ಕಡ್ಡಿಯ ವಿಷಯ ಹೇಳಲು ಅವನು ಬಾಯಿ ತೆಗೆದಾಗ ಚನ್ನಬಸವಯ್ಯನವರು ಕೈ ಅಡ್ಡ ಹಿಡಿದರು.

"ಮೂವತ್ತು ವರ್ಷ ಮೀಟರ್ ಓದಿದೋನಿಗೆ ಕಡ್ಡಿ ಓದೋದು ಹೇಳ್ಕೊಡ್ತೀಯೇನಪ್ಪ?"

ಮುಂದಿನ ಶುಕ್ರವಾರ ಬೆಳಿಗ್ಗೆ ಆರು ಗಂಟೆ. ಪುಷ್ಯಮಾಸದ ಮಂಜು. ಎದುರು ಮನೆ ಕಾಣುತ್ತಿಲ್ಲ. ಚನ್ನಬಸವಯ್ಯನವರು ಪೇಪರು ತರಲು ಹೊರಗೆ ಬಂದರು. ಕಾರಿನ ಮುಂಚಕ್ರದ ಪಕ್ಕ, ಸಿಮೆಂಟಿನ ಮೇಲೆ, ಬೊಗಸೆಯಷ್ಟು ಕೆಂಪಗೆ ಹರಡಿತ್ತು. ಕುತ್ತಿಗೆ ಕುಯ್ದಂಥ ಕೆಂಪು. ಯಾವಾಗಲೂ ಕಾರಿನಡಿ ಮಲಗುವ ಬೀದಿನಾಯಿ ಗೇಟಿನಾಚೆ ನಿಂತು, ಬೊಗಳದೆ, ಅದನ್ನೇ ನೋಡುತ್ತಿತ್ತು. ಮೀಟರು ಓದಿದ ಜೀವಕ್ಕೂ ಒಮ್ಮೆ ಜುಮ್ಮೆಂದಿತು.

ಮರುಕ್ಷಣ ಬುದ್ಧಿ ತಿಳಿಯಾಯಿತು. ಲೀಕು! ಗೇರ್ ಬಾಕ್ಸಿನ ರಕ್ತ ಸೋರುತ್ತಿದೆ. ಹೆಂಡತಿ ನೋಡಿದರೆ ಕಾರು ಕೃಷ್ಣಮೂರ್ತಿಪುರಕ್ಕೆ, ತಾವು ಸ್ಕೂಟರಿನ ಹಿಂದಕ್ಕೆ. ಮೂಗಿನ ಬಳಿಗೂ ತರದೆ ಗೋಣಿತಾಟಿನಿಂದ ಅದನ್ನು ಒರೆಸಿದರು. ಬಾನೆಟ್ಟು ಎತ್ತಿ ಕಡ್ಡಿ ಎಳೆದು ನೋಡಿದರು. ಆಯಿಲ್ಲು ಗೆರೆಗಿಂತ ಕೆಳಗೇ ಇತ್ತು. ಅರ್ಧ ಲೀಟರಿನ ಒಂದು ಡಬ್ಬಿ ತಂದು ಸುರಿದರು. ಖಾಲಿ ಡಬ್ಬಿ ನೀರಿನ ತೊಟ್ಟಿಯ ಹಿಂದೆ ಸೇರಿತು.

ಮಂಗಳವಾರ ಮತ್ತೆ ಕೆಂಪು. ಶುಕ್ರವಾರ ಮತ್ತೆ. ಬುಧವಾರ ಇಲ್ಲ, ಗುರುವಾರ ಇಲ್ಲ, ಭಾನುವಾರ ಖಂಡಿತ ಇಲ್ಲ. ಕಾರು ವಾರ ನೋಡಿಕೊಂಡು ರಕ್ತ ಸುರಿಸುತ್ತಿತ್ತು. ಯಂತ್ರಕ್ಕೆ ಪಂಚಾಂಗ ಗೊತ್ತಿರುತ್ತದೆಯೇ? ಚನ್ನಬಸವಯ್ಯನವರು ಈ ಪ್ರಶ್ನೆಯನ್ನು ತಮ್ಮ ತಲೆಯ ಒಂದು ಮೂಲೆಗೆ ತಳ್ಳಿ ಚಿಲಕ ಹಾಕಿದರು. ಪ್ರತಿ ಸಲವೂ ಒರೆಸಿದರು, ಕೆಂಪು ಕಂಡ ಮೇಲೆ ಕಡ್ಡಿ ನೋಡುವುದೇಕೆಂದು ನೇರ ಸುರಿದರು.

ಇತ್ತ ಮಂಜುಳಮ್ಮನೂ ಕಳೆಗುಂದುತ್ತಿದ್ದರು. ತಿಂಡಿಗೆ ಕೂತಾಗ ಇದ್ದಕ್ಕಿದ್ದಂತೆ ಕೇಳುತ್ತಿದ್ದರು: "ಬೆಳಿಗ್ಗೆ ಕಾರಿನ ಹತ್ರ ಯಾರಾದ್ರೂ ಬಂದಿದ್ರೇನ್ರೀ?"

"ಯಾರೂ ಇಲ್ವಲ್ಲ."

"ಯಾರೂ ಅಂದ್ರೆ ಯಾರೂ ಇಲ್ವಾ?"

"ಯಾರೂ ಇಲ್ಲ ಕಣೇ."

ಆಕೆ ಇಡ್ಲಿ ಅಲ್ಲಿಗೇ ಬಿಟ್ಟು ದೇವರ ಮನೆಗೆ ಎದ್ದು ಹೋಗುತ್ತಿದ್ದರು.

ಕಾರಿನ ಲಕ್ಷಣವೂ ಕೆಟ್ಟಿತು. 'ಡಿ'ಗೆ ಹಾಕಿದರೆ ಹೊರಡುವುದಿಲ್ಲ. ಹತ್ತು ಎಣಿಸಿದ ಮೇಲೆ ಯಾರೋ ಹಿಂದಿನಿಂದ ನೂಕಿದಂತೆ ನೆಗೆಯುತ್ತದೆ. ಒಳಗಿನಿಂದ ಸಣ್ಣಗೆ ಗೊಣಗುವ ಸದ್ದು, ಅದಕ್ಕೊಂದು ಲಯ. "ಪಂಚಾಕ್ಷರಿ ಜಪ ಮಾಡ್ತಿದಾರೆ," ಎಂದು ಮಂಜುಳಮ್ಮ ಪಿಸುಗುಟ್ಟಿದರು. ಏಸಿ ಹಾಕಿದರೂ ಬಿಡದ ಏನೋ ಸುಟ್ಟ ವಾಸನೆ. ಆ ಕಾರಿನಲ್ಲಿ ಗಂಡ ಹೆಂಡಿರಿಗೆ ಏಕಾಂತವೆಂಬುದೇ ಇಲ್ಲದಂತಾಯಿತು, ಏಕಾಂತಯ್ಯ ಮಾತ್ರ ಧಾರಾಳವಾಗಿದ್ದರು.

ಏಳನೆಯ ಡಬ್ಬಿ ಸುರಿದ ದಿನ ಇಲವಾಲದಲ್ಲಿ ಮಂಜುಳಮ್ಮನ ತಂಗಿಯ ಮನೆಯಲ್ಲಿ ನಾಮಕರಣ. ಹೇಗೋ ಹೋದರು. ಉಂಡು ವಾಪಸು ಹೊರಟಾಗ ಮಧ್ಯಾಹ್ನ ಮೂರು ಗಂಟೆ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ, ಗಾಳಿಯೂ ಇಲ್ಲ. ಮೀಟರು ಎಡಸೀಟಿನ ಮುಂದೆ ಇದ್ದುದರಿಂದ ಓದುವ ಕೆಲಸ ಮಂಜುಳಮ್ಮನದು.

"ನೂರು. ರೀ, ನೂರಹತ್ತು. ಮುಳ್ಳು ತಾನಾಗೇ ಹೋಗ್ತಾ ಇದೆ ಕಣ್ರೀ. ನೂರಿಪ್ಪತ್ತು... ನೂರಮೂವತ್ತು!"

ಇಂಜಿನ್ನು ಅರಚಿತು, ಆದರೆ ಕಾರು ನಿಧಾನವಾಗುತ್ತ ಬಂದು ನಿಂತೇಬಿಟ್ಟಿತು. ಕೆಳಗಿನಿಂದ ಹೊಗೆ. ಚನ್ನಬಸವಯ್ಯನವರು ಗಾಬರಿಯಲ್ಲಿ ಇಳಿದು ಹಿಂದಕ್ಕೆ ಹೋಗಿ ಬಗ್ಗಿ ನೋಡಿದರು. ಕಾರು ಬಂದ ದಾರಿಯುದ್ದಕ್ಕೂ, ಟಾರಿನ ಮೇಲೆ, ಕೆಂಪು ನೊರೆ ಬಿದ್ದಿತ್ತು. ನೊರೆಯ ಗುಳ್ಳೆಗಳು ಒಂದೊಂದೇ ಕಣ್ಣು ಮುಚ್ಚುತ್ತಿದ್ದವು. ಇಂಜಿನ್ನಿನ ಗೊಣಗಾಟ ಬಿಟ್ಟರೆ ಬೇರೆ ಸದ್ದಿಲ್ಲ.

ಅವರು ತಲೆ ಎತ್ತಿದಾಗ ಕಾರು ಹೋಗುತ್ತಿತ್ತು.

ಮಂಜುಳಮ್ಮ ಒಬ್ಬರನ್ನೇ ಕೂರಿಸಿಕೊಂಡು, ಮೈಸೂರಿನ ಕಡೆಗೆ, ಯಾವ ಅವಸರವೂ ಇಲ್ಲದೆ. ಚನ್ನಬಸವಯ್ಯನವರು ಕುಂಟುತ್ತ ಓಡಿದರು. ನಲವತ್ತು ವರ್ಷ ಜಗಳವಾಡಿದ ಹೆಂಡತಿಯನ್ನು ಯಾರೋ ಕಣ್ಣೆದುರೇ ಕರೆದುಕೊಂಡು ಹೋಗುತ್ತಿದ್ದಾರೆ ಎನಿಸಿ ಅವರ ಎದೆ ನಿಜಕ್ಕೂ ಒಡೆಯಿತು. ಕಿಟಕಿಯಿಂದ ಕಂಡದ್ದು ಇಷ್ಟು: ಮಂಜುಳಮ್ಮ ಬಲಕ್ಕೆ ತಿರುಗಿ, ಖಾಲಿ ಸೀಟಿಗೆ ಎರಡೂ ಕೈ ಜೋಡಿಸಿದ್ದಾರೆ.

"ಏಕಾಂತಯ್ಯನೋರೇ, ತಪ್ಪಾಯ್ತು, ನಿಲ್ಸಿ. ನಮ್ಮನೆಯೋರು ಹಿಂದೆ ಉಳ್ಕೊಂಡ್ರು. ಅವ್ರಿಗೆ ಮಂಡಿನೋವು!"

ಈ ಪ್ರಾರ್ಥನೆಗೋ, ರಸ್ತೆ ಪಕ್ಕದ ಮರಳುಗುಡ್ಡೆಗೋ, ಕಾರು ನಿಂತಿತು. (ಹಿಡಿ 'ಡಿ'ಯಲ್ಲೇ ಇತ್ತು. ಇಷ್ಟು ಹೊತ್ತಿಗೆ ನೀವೂ ಹೇಳಬಲ್ಲಿರಿ.)

ಮನೋಹರ ಬಂದು ಕಾರಿನ ಮುಂಭಾಗ ಎತ್ತಿ ಟೆಂಪೋಗೆ ಕಟ್ಟಿ ಶೆಡ್ಡಿಗೆ ಎಳೆದ. ಆರಿದ ಮೇಲೆ ಕೆಳಗಿನ ಬೋಲ್ಟು ಬಿಚ್ಚಿದ. ಬೋಗುಣಿ ತುಂಬಿತು, ಇನ್ನೊಂದು ಬೋಗುಣಿ ತುಂಬಿತು, ಬಕೆಟ್ಟು ತಂದ.

"ಎಷ್ಟು ಹಾಕಿದ್ರಿ ಸಾರ್?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಏಳು ಡಬ್ಬಿ. ಬೆಳಿಗ್ಗೆ ಕಡ್ಡಿ ನೋಡ್ದಾಗ ಕಮ್ಮಿ ಇತ್ತಪ್ಪ."

ಮನೋಹರ ನೆಲದ ಮೇಲೆ ಕೂತುಬಿಟ್ಟ. "ಸಾರ್, ಈ ಕಡ್ಡೀನ ಬೆಳಿಗ್ಗೆ ತಣ್ಣಗಿದ್ದಾಗ ನೋಡಂಗಿಲ್ಲ. ಗಾಡಿ ಓಡ್ಸಿ ಬಂದು, ಆಯಿಲ್ಲು ಬಿಸಿ ಇರೋವಾಗ, ಇಂಜಿನ್ನು ಆನ್ ಇಟ್ಟೇ ನೋಡ್ಬೇಕು. ತಣ್ಣಗಿದ್ರೆ ಕಮ್ಮೀನೇ ತೋರ್ಸೋದು. ಅದನ್ನೇ ಅವತ್ತು ಹೇಳಕ್ಕೆ ಬಂದೆ, ನೀವು ಮೀಟರು ಅಂದ್ರಿ. ಜಾಸ್ತಿಯಾಗಿ ನೊರೆ ಎದ್ದು, ಬಿಸಿ ಏರಿ, ಉಕ್ಕಿದೆ ಅಷ್ಟೆ. ಇದ್ರಲ್ಲಿ ಎಲ್ಲೂ ಲೀಕೇ ಇಲ್ಲ."

"ಇದೆಯಪ್ಪ! ಮಂಗಳವಾರ ಶುಕ್ರವಾರ ಕಾರಿನ ಕೆಳಗೆ ಕೆಂಪಗೆ ಬಿದ್ದಿರ್ತಿತ್ತು. ಇವಳ ಕಣ್ಣಿಗೆ ಬೀಳದಿರ್ಲಿ ಅಂತ ನಾನೇ ಗೋಣಿತಾಟಲ್ಲಿ ಒರೆಸ್ತಿದ್ದೆ."

ಸ್ಟೂಲಿನ ಮೇಲೆ ಕೂತಿದ್ದ ಮಂಜುಳಮ್ಮ ದಿಗ್ಗನೆ ಎದ್ದರು.

"ನೀವಾ ಒರೆಸ್ತಿದ್ದಿದ್ದು? ಅಯ್ಯೋ ಶಿವನೇ, ಅದು ಓಕುಳಿ ಕಣ್ರೀ! ಅರಿಶಿನ ಸುಣ್ಣ ಕಲಸಿ ಕಾರಿಗೆ ದೃಷ್ಟಿ ತೆಗೆದು ಚಕ್ರಕ್ಕೆ ಹಾಕ್ತಿದ್ದೆ. ನಿಮಗೆ ಹೇಳಿದ್ರೆ ಬೈತೀರಿ ಅಂತ ರಂಗೋಲಿ ಬಿಡಕ್ಕೆ ಎದ್ದಾಗಲೇ ಮಾಡ್ತಿದ್ದೆ. ಸ್ನಾನ ಮಾಡಿ ಬಂದು ನೋಡಿದ್ರೆ ಒಂದು ಹನಿ ಇರ್ತಿರ್ಲಿಲ್ಲ. ಅವ್ರೇ ನೆಕ್ಕಿಬಿಡ್ತಿದಾರೆ ಅಂತ ನನ್ನ ಜೀವ ಹಾರಿಹೋಗಿತ್ತು!"

ಆಕೆ ಓಕುಳಿ ಹಾಕಿದಷ್ಟೂ ಈತ ಆಯಿಲ್ಲು ಸುರಿದರು. ಈತ ಸುರಿದಷ್ಟೂ ಕಾರಿಗೆ ದೆವ್ವ ಬಡಿಯಿತು. ಬಡಿದಷ್ಟೂ ಆಕೆ ಓಕುಳಿ ಹಾಕಿದರು. ಮನೋಹರ ನಗು ತಡೆಯಲಾರದೆ ಕಾರಿನಡಿಗೆ ನುಸುಳಿದ.

ಚನ್ನಬಸವಯ್ಯನವರಿಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು. ಲೀಕಿಲ್ಲ, ದೆವ್ವವಿಲ್ಲ, ಕಾರು ತಮ್ಮದೇ! ಆದರೆ ಮಂಜುಳಮ್ಮ ಒಂದು ಷರತ್ತು ಹಾಕಿದರು. "ಹೋದೋರ ಮೇಲೆ ಇಲ್ಲದ ಅಪವಾದ ಹೊರಿಸ್ಬುಟ್ವಿ. ಅವ್ರ ಫೋಟೋ ಮುಂದೆ ತಪ್ಪಾಯ್ತು ಅನ್ನಿ, ಕಾರು ಇಟ್ಕೊಳ್ಳಿ."

ಸ್ಟೇರಿಂಗಿಗಾಗಿ ಚನ್ನಬಸವಯ್ಯನವರು ಏನನ್ನಾದರೂ ಮಾಡಲು ಸಿದ್ಧರಿದ್ದರು. ಆಯಿಲ್ಲು ಸರಿಹೋದ ಮರುದಿನವೇ ಕೃಷ್ಣಮೂರ್ತಿಪುರಂಗೆ ಹೋಗಿ, ಏಕಾಂತಯ್ಯನವರ ಫೋಟೋಗೆ ಹೂವಿಟ್ಟು, ವಿಭೂತಿ ಹಚ್ಚಿಕೊಂಡು ಕೈ ಮುಗಿದರು. ಕನ್ನಡಕದ ಹಿಂದಿನ ಆ ಸಾಧು ಮುಖ ಅವರನ್ನು ಕನಿಕರದಿಂದ ನೋಡುವಂತಿತ್ತು. ಮಂಜುಳಮ್ಮ ಎಲ್ಲ ಕಥೆಯನ್ನೂ ಹೇಳಿ ಮುಗಿಸಿದರು.

ಎಪ್ಪತ್ತರ ದಾಕ್ಷಾಯಣಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇವ್ರು ಕಾರು ಓಡ್ಸೋದಾ? ಇವ್ರಿಗೆ ಸೈಕಲ್ಲೂ ಬರ್ತಿರ್ಲಿಲ್ಲ ಕಣಮ್ಮ! ಹನ್ನೊಂದು ವರ್ಷ ಓಡಿಸ್ದೋಳು ನಾನು. ಕಣ್ಣಿಗೆ ಪೊರೆ ಬಂತು, ಅದಕ್ಕೇ ಮಾರಿದ್ದು. ಇವ್ರು ಪಕ್ಕದಲ್ಲಿ ಕೂತು ಬಿಸಿ ಎಷ್ಟಾಯ್ತು ಅಂತ ಹೇಳೋರು. ಸುಮ್ನೆ ಕೂತ್ಕೊಂಡ್ರೆ ಬೇಜಾರಾಗುತ್ತಲ್ಲ ಅಂತ ನಾನೇ ಆ ಮೀಟರ್ ಹಾಕಿಸ್ಕೊಟ್ಟಿದ್ದೆ."

ಮಂಜುಳಮ್ಮ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು: "ಕಾಲಿಗೆ ಎಷ್ಟು ಪೆಡಲು ಅಮ್ಮ?"

"ಎರಡೇ ಕಣಮ್ಮ. ಹೊಲಿಗೆ ಮಿಷನ್ನಿಗಿಂತ ಸುಲಭ. ನಾನು ಕಲಿಸ್ತೀನಿ ಬಾ."

ಚನ್ನಬಸವಯ್ಯನವರು ಬೀಗದಕೈಗಾಗಿ ಜೇಬು ಮುಟ್ಟಿಕೊಂಡರು. ಅದು ಆಗಲೇ ಹೆಂಡತಿಯ ಸೆರಗಿನ ತುದಿಯಲ್ಲಿತ್ತು.

ಎರಡು ತಿಂಗಳಾಯಿತು. ಮಂಜುಳಮ್ಮನಿಗೆ ಲೈಸೆನ್ಸು ಬಂತು. ಆಕೆ ಇಳಿಯುವ ಮುಂಚೆ ಹಿಡಿಯನ್ನು 'ಪಿ'ಗೆ ತಳ್ಳುವುದನ್ನು ಒಮ್ಮೆಯೂ ಮರೆತವರಲ್ಲ. ಒಂದು ಸಂಜೆ ದಾಕ್ಷಾಯಣಮ್ಮನವರಿಗೆ ಅವರೆಕಾಳು ಕೊಟ್ಟು ವಾಪಸು ಬರುತ್ತಿದ್ದರು. ಆಕೆ ಸ್ಟೇರಿಂಗು ಹಿಡಿದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರೆ, ಚನ್ನಬಸವಯ್ಯನವರು ಎಡಸೀಟಿನಲ್ಲಿ ಕೈಕಟ್ಟಿ ಕೂತು ಮುಳ್ಳನ್ನು ನೋಡುತ್ತಿದ್ದರು. ಬೀದಿದೀಪ ಇನ್ನೂ ಹತ್ತಿರಲಿಲ್ಲ. ಕಾರಿನೊಳಗೆ ಮಬ್ಬುಗತ್ತಲು.

"ಎಷ್ಟಿದೆ?"

"ಎಂಬತ್ತೆಂಟು," ಎಂದರು ಚನ್ನಬಸವಯ್ಯನವರು.

"ಏನು ಎಂಬತ್ತೆಂಟು?" ಎಂದರು ಮಂಜುಳಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ.

"ಮೀಟರು. ನೀನು ಕೇಳಿದ್ಯಲ್ಲ."

"ನಾನೆಲ್ಲಿ ಕೇಳ್ದೆ? ನಾನು ಬಾಯೇ ಬಿಟ್ಟಿಲ್ವಲ್ರೀ."

ಚನ್ನಬಸವಯ್ಯನವರು ಹಿಂದಿರುಗಿ ನೋಡಲಿಲ್ಲ. ಬಾಗಿಲಿನ ಕಡೆಗೆ ಮೆಲ್ಲಗೆ ಸರಿದು, ಸೀಟಿನಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು.